ಪುಟ್ಟನ ರಕ್ತದ ಪಾಸ್‌ಬುಕ್

ನಾನು ಡಾಕ್ಟರಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, 37 ವರ್ಷ ಕೂಡಿ ಕಳೆದು, ಗುಮಾಸ್ತನಾಗಿಯೇ ನಿವೃತ್ತನಾದವನು. ಜೀವಶಾಸ್ತ್ರಕ್ಕೆ ಎಸ್ಸೆಸ್ಸೆಲ್ಸಿಯಲ್ಲೇ ಕೈಮುಗಿದಿದ್ದೆ. ಆದರೂ ಕಳೆದ ಮೂರು ವರ್ಷಗಳಿಂದ ಪ್ರತಿಕಾಯ, ಬಿ ಕೋಶ, ಟಿ ಕೋಶ ಎಂಬ ಮಾತುಗಳು ನಮ್ಮ ಮನೆಯಲ್ಲಿ ಉಪ್ಪು, ಹುಣಸೆಹಣ್ಣಿನ ಹಾಗೆ ಬಳಕೆಯಾಗಿಬಿಟ್ಟಿವೆ. ಕಾರಣ ನಮ್ಮ ಮೊಮ್ಮಗ. ಅವನ ಶಾಲೆಯ ಹೆಸರು ಇಲ್ಲಿ ಬೇಡ, ಮನೆಯಲ್ಲಿ ಕರೆಯುವಂತೆ ಪುಟ್ಟ ಎಂದೇ ಕರೆಯೋಣ.

ಪುಟ್ಟ ಹುಟ್ಟಿದಾಗ ಮೂರು ಕೆ.ಜಿ. ತೂಗಿದ ಗುಂಡು ಮಗು. ಮೊದಲ ಎಂಟು ತಿಂಗಳು ಒಂದು ಸೀನೂ ಇಲ್ಲ. ಒಂಬತ್ತನೇ ತಿಂಗಳಿಂದ ಕಿವಿ ಸೋರಲು ಶುರುವಾಯಿತು. ಔಷಧ ಹಾಕಿದರೆ ನಿಲ್ಲುತ್ತಿತ್ತು, ಮೂರು ವಾರಕ್ಕೆ ಮತ್ತೆ ಬರುತ್ತಿತ್ತು. ಹದಿನಾಲ್ಕನೇ ತಿಂಗಳಲ್ಲಿ ನ್ಯುಮೋನಿಯಾ ಆಗಿ ಆರು ದಿನ ಆಸ್ಪತ್ರೆಯಲ್ಲಿದ್ದ. ಮತ್ತೆರಡು ತಿಂಗಳಿಗೆ ಇನ್ನೊಮ್ಮೆ. ಒಂದೂವರೆ ವರ್ಷವಾದಾಗ ಮಕ್ಕಳ ಡಾಕ್ಟರು ಅವನ ರಕ್ತದಲ್ಲಿ ಪ್ರತಿಕಾಯಗಳ ಮಟ್ಟ ನೋಡೋಣ ಎಂದರು. ರಿಪೋರ್ಟು ಬಂತು. ಐಜಿಜಿ ಎಂಬ ಸಾಲಿನ ಮುಂದೆ 260 ಎಂದಿತ್ತು. ಅವನ ವಯಸ್ಸಿಗೆ ಕಡಿಮೆಯೆಂದರೂ 400ರ ಆಸುಪಾಸು ಇರಬೇಕು ಎಂದು ಪಕ್ಕದಲ್ಲೇ ಅಚ್ಚಾಗಿತ್ತು. ಜೀವನವಿಡೀ ಅಂಕಿಗಳನ್ನೇ ನೋಡಿದ ನನಗೆ ಆ ಮೂರು ಅಂಕಿ ಕಂಡು ಕೈ ನಡುಗಿತು.

ಮಕ್ಕಳೇ, ಪ್ರತಿಕಾಯ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಮೈಯೊಳಗೆ ರೋಗಾಣು ಹೊಕ್ಕಾಗ ಅದಕ್ಕೆ ಹೋಗಿ ಅಂಟಿಕೊಳ್ಳುವ ಒಂದು ಬಗೆಯ ಪ್ರೋಟೀನು ಅದು. ಆಕಾರ ಇಂಗ್ಲಿಷಿನ ವೈ ಅಕ್ಷರದ ಹಾಗೆ. ಅಂಟಿಕೊಂಡು ‘ಇವನೇ ಕಳ್ಳ, ಹಿಡಿಯಿರಿ’ ಎಂದು ಮೈಯ ಕಾವಲು ಕೋಶಗಳಿಗೆ ತೋರಿಸಿಕೊಡುತ್ತದೆ. ಇದರಲ್ಲಿ ಹಲವು ಬಗೆ. ಹೊಸ ರೋಗಾಣು ಬಂದಾಗ ಮೊದಲು ತಯಾರಾಗುವುದು ಐಜಿಎಂ. ಅದು ಕಚ್ಚಾ ರಸೀದಿ ಇದ್ದ ಹಾಗೆ, ಆ ಹೊತ್ತಿಗೆ ಕೆಲಸ ನಡೆಸುತ್ತದೆ. ಆಮೇಲೆ ಬರುವ ಐಜಿಜಿ ಪಕ್ಕಾ ರಸೀದಿ. ರಕ್ತದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಅದೇ. ಮೂಗು, ಬಾಯಿ, ಕರುಳಿನ ಒಳಪದರವನ್ನು ಕಾಯುವುದು ಐಜಿಎ.

ಮೊದಲ ಎಂಟು ತಿಂಗಳು ಏನೂ ಆಗದ ಮಗುವಿಗೆ ಆಮೇಲೇಕೆ ಹೀಗಾಯಿತು ಎಂದು ನಾವು ಕೇಳಿದೆವು. ಡಾಕ್ಟರು ಕೊಟ್ಟ ಉತ್ತರ ನನ್ನಂಥ ಲೆಕ್ಕದವನಿಗೆ ಚೆನ್ನಾಗಿ ನಾಟಿತು. ಮಗು ಹೊಟ್ಟೆಯಲ್ಲಿದ್ದಾಗಲೇ ತಾಯಿ ಅದರ ಹೆಸರಿನಲ್ಲಿ ಒಂದು ಠೇವಣಿ ಇಡುತ್ತಾಳಂತೆ. ತಾಯಿಯ ರಕ್ತದ ಐಜಿಜಿ ಮಾಸಿನ ಮೂಲಕ ಮಗುವಿಗೆ ಹರಿಯುತ್ತದೆ, ಅದರಲ್ಲೂ ಕೊನೆಯ ಮೂರು ತಿಂಗಳು ಹೆಚ್ಚಾಗಿ. ಹುಟ್ಟುವ ಹೊತ್ತಿಗೆ ಮಗುವಿನ ಐಜಿಜಿ ತಾಯಿಯದಕ್ಕೆ ಸಮ, ಕೆಲವೊಮ್ಮೆ ಒಂದು ಕೈ ಹೆಚ್ಚು. ದಿನ ತುಂಬದೆ ಹುಟ್ಟಿದ ಮಗುವಿಗೆ ಈ ಠೇವಣಿ ಪೂರ್ತಿ ಸಿಕ್ಕಿರುವುದಿಲ್ಲ.

ಆದರೆ ಇದು ಬಡ್ಡಿ ಬೆಳೆಯುವ ಠೇವಣಿಯಲ್ಲ, ಕರಗುವ ಠೇವಣಿ. ಹೆಚ್ಚುಕಡಿಮೆ ಮೂರು ವಾರಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಹುಟ್ಟಿದ ದಿನ 1000 ಇತ್ತೆಂದು ಇಟ್ಟುಕೊಳ್ಳಿ. ಮೂರನೇ ವಾರಕ್ಕೆ 500, ಆರನೇ ವಾರಕ್ಕೆ 250, ಒಂಬತ್ತಕ್ಕೆ 125, ಹನ್ನೆರಡಕ್ಕೆ 62. ಅಷ್ಟರಲ್ಲಿ ಮಗು ತಾನೇ ಸ್ವಲ್ಪ ಸ್ವಲ್ಪ ದುಡಿಯಲು ಶುರುಮಾಡಿರುವುದರಿಂದ ಖಾತೆ ಬರಿದಾಗುವುದಿಲ್ಲ. ಆದರೂ ಮೂರರಿಂದ ಆರು ತಿಂಗಳ ನಡುವೆ ಪ್ರತಿಯೊಂದು ಮಗುವಿನ ಖಾತೆಯೂ ಒಮ್ಮೆ ತಳಮಟ್ಟಕ್ಕೆ ಇಳಿಯುತ್ತದೆ. ನಿಮಗೂ ಇಳಿದಿತ್ತು, ನಿಮ್ಮ ತಾತನಿಗೂ ಇಳಿದಿತ್ತು. ಅಲ್ಲಿಂದ ಮಗು ತನ್ನ ದುಡಿಮೆಯಿಂದ ಮೇಲೇರುತ್ತದೆ. ಪುಟ್ಟ ಇಳಿದಿದ್ದ, ಮೇಲೇರುತ್ತಿರಲಿಲ್ಲ.

ನಮ್ಮನ್ನು ದೊಡ್ಡ ಆಸ್ಪತ್ರೆಯ ರೋಗನಿರೋಧಕ ವಿಭಾಗದ ಡಾಕ್ಟರ ಹತ್ತಿರ ಕಳಿಸಿದರು. ಅವರು ಹೆಣ್ಣುಮಗಳು, ನನ್ನ ಮಗಳ ವಯಸ್ಸು. ನಾನು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದೆ. ನಾನು ಬ್ಯಾಂಕಿನವನೆಂದು ತಿಳಿದ ಮೇಲೆ ಅವರು ನನಗೆ ನನ್ನ ಭಾಷೆಯಲ್ಲೇ ಹೇಳಿದರು. ‘‘ಸಾರ್, ಪಾಸ್‌ಬುಕ್ಕಲ್ಲಿ ಬ್ಯಾಲೆನ್ಸ್ ಕಮ್ಮಿ ಅಂತ ಗೊತ್ತಾಗಿದೆ. ಯಾಕೆ ಕಮ್ಮಿ ಅಂತ ಪಾಸ್‌ಬುಕ್ ಹೇಳಲ್ಲ ಅಲ್ವಾ?’’

ಎಷ್ಟು ನಿಜ! ನಮ್ಮ ಶಾಖೆಗೆ ಬಂದ ಗಿರಾಕಿಗೆ ಹಣ ಸಿಗದಿದ್ದರೆ ಅವನಿಗೆ ಕಾಣುವುದು ಒಂದೇ, ಹಣ ಸಿಗಲಿಲ್ಲ ಎಂಬುದು. ಆದರೆ ಕೌಂಟರಿನ ಹಿಂದೆ ಕಾರಣಗಳು ಬೇರೆ ಬೇರೆ ಇರುತ್ತವೆ. ಒಂದು ಶಾಖೆಯಲ್ಲಿ ಗುಮಾಸ್ತನ ಹುದ್ದೆಯೇ ಖಾಲಿ. ಇನ್ನೊಂದರಲ್ಲಿ ಗುಮಾಸ್ತರಿದ್ದಾರೆ, ಎಲ್ಲರೂ ಹೊಸಬರು, ಕೆಲಸ ಕಲಿಯುತ್ತಿದ್ದಾರೆ. ಮೂರನೆಯದರಲ್ಲಿ ಗುಮಾಸ್ತರು ಭರ್ತಿ ಇದ್ದಾರೆ, ಆದರೆ ಗಿರಾಕಿಗಳ ಮಾದರಿ ಸಹಿಯ ಕಾರ್ಡುಗಳೇ ಇಲ್ಲ. ಮೂರಕ್ಕೂ ಪರಿಹಾರ ಬೇರೆ. ಪ್ರತಿಕಾಯ ಕಡಿಮೆ ಇರುವ ಮಕ್ಕಳಲ್ಲೂ ಹೀಗೆಯೇ. ಅಂಕಿ ಒಂದೇ ಇರಬಹುದು, ಅದರ ಹಿಂದಿನ ಕೋಶಗಳ ಕಥೆ ಬೇರೆ ಬೇರೆ.

ಈ ಕಥೆ ಬಿಚ್ಚಿಕೊಂಡ ಬಗೆಯೇ ಸ್ವಾರಸ್ಯವಾಗಿದೆ. ಆಗ್ಡನ್ ಬ್ರೂಟನ್ ಎಂಬ ಸೇನಾ ವೈದ್ಯರು ಅಮೆರಿಕದ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡುತ್ತಿದ್ದರು. ಎಂಟು ವರ್ಷದ ಒಬ್ಬ ಹುಡುಗನಿಗೆ ಪದೇ ಪದೇ ರಕ್ತಕ್ಕೇ ಸೋಂಕು ಏರುತ್ತಿತ್ತು. ಪೆನಿಸಿಲಿನ್ ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದ, ಮತ್ತೆ ಬೀಳುತ್ತಿದ್ದ. ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರೆ ಬೇರೆ ಪಟ್ಟಿಗಳಾಗಿ ಬಿಡಿಸುವ ಉಪಕರಣ ಆಗ ಹೊಸದು. ಹುಡುಗನ ರಕ್ತವನ್ನು ಅದರಲ್ಲಿ ನೋಡಿದರೆ, ಪ್ರತಿಕಾಯಗಳಿರಬೇಕಾದ ಗಾಮಾ ಗ್ಲಾಬ್ಯುಲಿನ್ ಪಟ್ಟಿಯೇ ಇಲ್ಲ! ಬ್ರೂಟನ್ ಬೇರೆಯವರ ರಕ್ತದಿಂದ ತೆಗೆದ ಗಾಮಾ ಗ್ಲಾಬ್ಯುಲಿನ್ನನ್ನು ತಿಂಗಳಿಗೊಮ್ಮೆ ಚುಚ್ಚಿ ಕೊಟ್ಟರು. ಹುಡುಗನ ಕಾಯಿಲೆಗಳು ನಿಂತವು. 1952ರಲ್ಲಿ ಇದನ್ನು ಅವರು ಪ್ರಕಟಿಸಿದರು. ಆಗ ನಾನು ಒಂದು ವರ್ಷದ ಕೂಸು.

ಬ್ಯಾಲೆನ್ಸ್ ಇಲ್ಲ ಎಂಬುದು ಬ್ರೂಟನ್ನರಿಗೆ ಗೊತ್ತಾಯಿತು. ಯಾಕಿಲ್ಲ ಎಂಬುದು ಗೊತ್ತಾಗುವಂತಿರಲಿಲ್ಲ, ಯಾಕೆಂದರೆ ಪ್ರತಿಕಾಯ ತಯಾರಿಸುವ ಕೋಶಗಳ ವಂಶ ಯಾವುದೆಂದು ಜಗತ್ತಿಗೇ ಆಗ ತಿಳಿದಿರಲಿಲ್ಲ. ಅದನ್ನು ಹೇಳಿಕೊಟ್ಟಿದ್ದು ಕೋಳಿಗಳು.

ಕೋಳಿಯ ಬಾಲದ ಬುಡದಲ್ಲಿ, ಕರುಳಿನ ಕೊನೆಗೆ, ಒಂದು ಪುಟ್ಟ ಚೀಲವಿದೆ. ನಾನೂರು ವರ್ಷದ ಹಿಂದೆ ಇಟಲಿಯ ಫ್ಯಾಬ್ರಿಷಿಯಸ್ ಎಂಬ ವಿದ್ವಾಂಸ ಅದನ್ನು ವರ್ಣಿಸಿದ್ದರಿಂದ ಅದಕ್ಕೆ ‘ಫ್ಯಾಬ್ರಿಷಿಯಸ್‌ನ ಬರ್ಸಾ’ ಎಂದು ಹೆಸರು. ಅದರ ಕೆಲಸವೇನೆಂದು ಯಾರಿಗೂ ಗೊತ್ತಿರಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಓಹಿಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಬ್ರೂಸ್ ಗ್ಲಿಕ್ ಎಂಬ ಯುವಕ ಕೋಳಿಮರಿಗಳಿಂದ ಆ ಚೀಲವನ್ನು ತೆಗೆದು ನೋಡಿದ. ಮರಿಗಳು ಆರಾಮಾಗಿ ಬೆಳೆದವು. ಅಷ್ಟರಲ್ಲಿ ಟಿಮೊತಿ ಚಾಂಗ್ ಎಂಬ ಗೆಳೆಯನಿಗೆ ವಿದ್ಯಾರ್ಥಿಗಳ ಮುಂದೆ ಪ್ರತಿಕಾಯ ತಯಾರಾಗುವುದನ್ನು ತೋರಿಸಲು ಕೋಳಿಗಳು ಬೇಕಾದವು. ಗ್ಲಿಕ್‌ನ ಕೋಳಿಗಳನ್ನು ತೆಗೆದುಕೊಂಡು ಹೋಗಿ ಚುಚ್ಚಿದರೆ, ಚೀಲ ಕಳೆದುಕೊಂಡ ಕೋಳಿಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ! ಪಾಠ ಕೆಟ್ಟಿತು, ಆದರೆ ದೊಡ್ಡ ಗುಟ್ಟು ಬಯಲಾಯಿತು. 1956ರಲ್ಲಿ ಈ ಸಂಗತಿ ಪ್ರಕಟವಾದದ್ದು ಕೋಳಿ ಸಾಕಣೆಯ ವಿಜ್ಞಾನ ಪತ್ರಿಕೆಯೊಂದರಲ್ಲಿ. ಮಕ್ಕಳ ಡಾಕ್ಟರುಗಳು ಅದನ್ನೇಕೆ ಓದಿಯಾರು! ಕೆಲವು ವರ್ಷಗಳ ನಂತರ, 1965ರಲ್ಲಿ, ಮಿನ್ನೆಸೋಟಾದ ಮ್ಯಾಕ್ಸ್ ಕೂಪರ್, ರಾಬರ್ಟ್ ಗುಡ್ ಮತ್ತು ಅವರ ಸಂಗಡಿಗರು ರೋಗನಿರೋಧಕ ಕೋಶಗಳಲ್ಲಿ ಎರಡು ಬೇರೆ ವಂಶಗಳಿವೆ ಎಂದು ತೋರಿಸಿದರು. ಬರ್ಸಾದಲ್ಲಿ ಬೆಳೆಯುವವು ಬಿ ಕೋಶಗಳು, ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಬೆಳೆಯುವವು ಟಿ ಕೋಶಗಳು. ನಮಗೆ ಬರ್ಸಾ ಇಲ್ಲ. ನಮ್ಮ ಬಿ ಕೋಶಗಳು ಹುಟ್ಟಿ ಬೆಳೆಯುವುದು ಮೂಳೆಯೊಳಗಿನ ಮಜ್ಜೆಯಲ್ಲಿ.

ಈಗ ಆಸ್ಪತ್ರೆಗೆ ಬರೋಣ. ಡಾಕ್ಟರಮ್ಮ ಮೊದಲು ಮಾಡಿದ್ದು ಪುಟ್ಟನಿಗೆ ‘ಆ’ ಎನ್ನಲು ಹೇಳಿ ಟಾರ್ಚ್ ಹಾಕಿ ಗಂಟಲು ನೋಡಿದ್ದು. ಕತ್ತಿನ ಪಕ್ಕ, ಕಂಕುಳಲ್ಲಿ ಬೆರಳಾಡಿಸಿದ್ದು. ಟಾನ್ಸಿಲ್ಲುಗಳಲ್ಲಿ, ದುಗ್ಧಗ್ರಂಥಿಗಳಲ್ಲಿ ಬಿ ಕೋಶಗಳು ತುಂಬಿರುತ್ತವಂತೆ. ಬಿ ಕೋಶಗಳೇ ಇಲ್ಲದ ಮಗುವಿನ ಗಂಟಲಲ್ಲಿ ಟಾನ್ಸಿಲ್ ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದು. ಪುಟ್ಟನ ಗಂಟಲಲ್ಲಿ ಎರಡು ಕಡೆಯೂ ಟಾನ್ಸಿಲ್ ಕಂಡಿತು. ‘‘ಒಳ್ಳೇ ಲಕ್ಷಣ, ಆದರೆ ಇಷ್ಟೇ ಸಾಲದು’’ ಎಂದರು.

ಆಮೇಲೆ ಒಂದು ಪ್ರಶ್ನೆ ಕೇಳಿದರು. ‘‘ತಾಯಿಯ ಕಡೆ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ಗಂಡುಮಕ್ಕಳು ಯಾರಾದರೂ ಇದ್ದಾರಾ?’’

ಬ್ರೂಟನ್ ಕಂಡ ಕಾಯಿಲೆಗೆ ಕಾರಣವಾದ ಜೀನು 1993ರಲ್ಲಿ ಸಿಕ್ಕಿತು. ಅದಕ್ಕೆ ಬಿಟಿಕೆ ಎಂದು ಹೆಸರು. ಅದು ಕೆಟ್ಟಿದ್ದರೆ ಬಿ ಕೋಶಗಳು ಮಜ್ಜೆಯಲ್ಲೇ ಬಲಿಯದೆ ನಿಂತುಬಿಡುತ್ತವೆ. ಅದು ಇರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಹೆಣ್ಣುಮಕ್ಕಳಿಗೆ ಎರಡು ಎಕ್ಸ್, ಒಂದು ಕೆಟ್ಟರೂ ಇನ್ನೊಂದು ನಡೆಸುತ್ತದೆ. ಗಂಡುಮಕ್ಕಳಿಗೆ ಇರುವುದೇ ಒಂದು. ಹಾಗಾಗಿ ತಾಯಿ ಆರೋಗ್ಯವಾಗಿದ್ದರೂ ಮಗನಿಗೆ ಬರಬಹುದು.

ಡಾಕ್ಟರ ಪ್ರಶ್ನೆಗೆ ನಮ್ಮ ಸೊಸೆ ಯಾರೂ ಇಲ್ಲ ಎಂದಳು. ಸಂಜೆ ಅವಳ ತಾಯಿ, ನಮ್ಮ ಬೀಗಿತ್ತಿ, ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಅವರ ತಮ್ಮನೊಬ್ಬ ಐದು ವರ್ಷಕ್ಕೆ ಹೋಗಿದ್ದ. ಎದೆ ಕಟ್ಟಿ ಜ್ವರ. ಅರುವತ್ತು ವರ್ಷದ ಹಿಂದಿನ ಮಾತು, ಹಳ್ಳಿ, ಡಾಕ್ಟರಿಲ್ಲ, ಯಾರೂ ಯಾಕೆಂದು ಕೇಳಿರಲಿಲ್ಲ.

ಸೂಜಿಯಿಂದ ರಕ್ತ ತೆಗೆದ ಮೇಲೆ ರಿಪೋರ್ಟು ಬರಲು ಎಂಟು ದಿನ. ಆ ಎಂಟು ದಿನ ನಮ್ಮ ಮನೆ ಹೇಗಿತ್ತೆಂದು ಏನು ಹೇಳಲಿ! ನನ್ನಾಕೆ ದೃಷ್ಟಿ ತೆಗೆದಳು, ಸೊಂಟಕ್ಕೆ ಕಪ್ಪುದಾರ ಕಟ್ಟಿದಳು, ತುಳಸಿ, ದೊಡ್ಡಪತ್ರೆ ಹಾಕಿ ಕಷಾಯ ಕಾಸಿದಳು. ಮಗ ರಾತ್ರಿ ಎರಡು ಗಂಟೆಯವರೆಗೆ ಮೊಬೈಲ್ ಬೆಳಕಿನಲ್ಲಿ ಕೂತಿರುತ್ತಿದ್ದ. ಎಲ್ಲಕ್ಕಿಂತ ಕಷ್ಟವಾದದ್ದು ಸೊಸೆಗೆ. ಮನೆಗೆ ಬಂದ ನೆಂಟರೊಬ್ಬರು ಕಾಫಿ ಕುಡಿಯುತ್ತಾ, ‘‘ಹಾಗಾದ್ರೆ ಇದು ತಾಯಿ ಕಡೆಯಿಂದ ಬಂದಿದ್ದು ಅನ್ನಿ’’ ಎಂದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತುಹೋಯಿತು. ನಾನು ಆ ನೆಂಟರಿಗೆ ಹೇಳಿದೆ: ‘‘ಬಂದಿದ್ದರೆ ಅವಳು ಬೇಕೆಂದು ಕಳಿಸಿದ್ದಲ್ಲ. ನನ್ನ ಮಂಡಿನೋವು, ಬೋಳುತಲೆ ಎಲ್ಲಾ ನನ್ನ ಮಗನಿಗೆ ಹೋಗಿದೆ, ನನ್ನ ಮೇಲೆ ಯಾರೂ ಕೇಸು ಹಾಕಿಲ್ಲ.’’ ಹಿರಿಯರಲ್ಲಿ ನನ್ನದೊಂದು ವಿನಂತಿ. ಜೀನು ಎಂಬುದು ಯಾರ ತಪ್ಪೂ ಅಲ್ಲ. ಬ್ರೂಟನ್ ಕಾಯಿಲೆಯ ಎಷ್ಟೋ ಮಕ್ಕಳ ಮನೆತನದಲ್ಲಿ ಹಿಂದೆ ಅದರ ಸುಳಿವೇ ಇರುವುದಿಲ್ಲ, ಹೊಸದಾಗಿಯೇ ಹುಟ್ಟಿಕೊಂಡಿರುತ್ತದೆ. ಮಗುವಿನ ಕಾಯಿಲೆಯ ಜತೆಗೆ ತಾಯಿಗೆ ಇನ್ನೊಂದು ಹೊರೆ ಹೊರಿಸಬೇಡಿ.

ಆ ಎಂಟು ದಿನ ಇನ್ನೊಂದು ವಿಷಯಕ್ಕೂ ತಡೆ ಬಿದ್ದಿತ್ತು. ಪುಟ್ಟನಿಗೆ ಪೋಲಿಯೊ ಹನಿಯ ಬೂಸ್ಟರ್ ಹಾಕಿಸುವ ವಯಸ್ಸು. ‘‘ರಿಪೋರ್ಟು ಬರುವವರೆಗೆ ತಡೆಯಿರಿ’’ ಎಂದಿದ್ದರು. ಬಾಯಿಗೆ ಹಾಕುವ ಹನಿಯಲ್ಲಿ ಇರುವುದು ಬಲ ಕುಂದಿಸಿದ, ಆದರೆ ಜೀವಂತ ವೈರಸ್. ಬಿ ಕೋಶಗಳೇ ಇಲ್ಲದ ಮಗುವಿನ ಕರುಳಿನಲ್ಲಿ ಅದು ಹೋಗದೆ ಉಳಿದು ತೊಂದರೆ ಕೊಡಬಹುದು. ಅಂಥ ಮಕ್ಕಳಿಗೂ ಅವರ ಮನೆಯ ಇತರ ಮಕ್ಕಳಿಗೂ ಹನಿಯ ಬದಲು ಚುಚ್ಚುವ ಪೋಲಿಯೊ ಲಸಿಕೆ ಕೊಡುತ್ತಾರೆ, ಅದರಲ್ಲಿ ಜೀವಂತ ವೈರಸ್ ಇಲ್ಲ. ಇದನ್ನು ಓದಿ ಯಾರೂ ಹನಿಗೆ ಹೆದರಬೇಡಿ. ಈ ಎಚ್ಚರಿಕೆ ಡಾಕ್ಟರು ಹೇಳಿದ ಬೆರಳೆಣಿಕೆಯ ಮಕ್ಕಳಿಗೆ ಮಾತ್ರ. ಉಳಿದವರೆಲ್ಲ ಹಾಕಿಸಿಕೊಂಡದ್ದರಿಂದಲೇ 2014ರಲ್ಲಿ ನಮ್ಮ ದೇಶಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

ಆ ರಕ್ತಪರೀಕ್ಷೆ ಹೇಗೆ ನಡೆಯುತ್ತದೆ ಎಂದು ನಾನು ಕೇಳಿ ತಿಳಿದುಕೊಂಡೆ. ಪ್ರತಿಯೊಂದು ಬಗೆಯ ಕೋಶದ ಮೈಮೇಲೂ ಅದರದೇ ಗುರುತು ಇರುತ್ತದೆ. ಬಿ ಕೋಶದ ಗುರುತಿಗೆ ಸಿಡಿ 19 ಎಂದು ಹೆಸರು. ಆ ಗುರುತಿಗೆ ಮಾತ್ರ ಅಂಟುವ, ಬೆಳಕಿಗೆ ಹೊಳೆಯುವ ಬಣ್ಣವನ್ನು ರಕ್ತಕ್ಕೆ ಸೇರಿಸುತ್ತಾರೆ. ಆಮೇಲೆ ಕೋಶಗಳನ್ನು ತಿರುಪತಿಯ ಕ್ಯೂ ಹಾಗೆ ಒಂದರ ಹಿಂದೆ ಒಂದು ಸಾಲಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸುತ್ತಾರೆ. ಹೊಳೆದದ್ದನ್ನೆಲ್ಲ ಯಂತ್ರ ಎಣಿಸುತ್ತದೆ. ಸಾವಿರಾರು ಕೋಶಗಳ ಎಣಿಕೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ನೋಟು ಎಣಿಸುವ ಯಂತ್ರ ಬ್ಯಾಂಕಿಗೆ ಬಂದಾಗ ನನಗೆ ಆಗಿದ್ದ ಬೆರಗೇ ಮತ್ತೆ ಆಯಿತು.

ಬರೀ ತಲೆ ಎಣಿಸುವುದಲ್ಲ, ಯಾರ ಅನುಭವ ಎಷ್ಟು ಎಂದೂ ನೋಡುತ್ತಾರೆ. ಒಮ್ಮೆ ಒಂದು ರೋಗಾಣುವನ್ನು ಎದುರಿಸಿದ ಬಿ ಕೋಶಗಳಲ್ಲಿ ಕೆಲವು ಅದನ್ನು ನೆನಪಿಟ್ಟುಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಇವು ನೆನಪಿನ ಕೋಶಗಳು. ನಮ್ಮ ಮಾದರಿ ಸಹಿಯ ಕಾರ್ಡು ನೋಡಿ, ಥೇಟ್ ಅದೇ ಕೆಲಸ. ಅದೇ ರೋಗಾಣು ಮತ್ತೆ ಬಂದರೆ ಹೊಸದಾಗಿ ವಿಚಾರಣೆ ಬೇಕಿಲ್ಲ, ಕಾರ್ಡು ತೆಗೆದು ನೋಡಿ ಕೂಡಲೇ ಪ್ರತಿಕಾಯ ಹೊರಡಿಸುವುದು. ಈ ಕೋಶಗಳಿಗೆ ಸಿಡಿ 27 ಎಂಬ ಇನ್ನೊಂದು ಗುರುತು ಇರುತ್ತದೆ. ಅವುಗಳಲ್ಲೂ ಟಿ ಕೋಶಗಳ ನೆರವಿನಿಂದ ಕಚ್ಚಾ ರಸೀದಿ ಬಿಟ್ಟು ಪಕ್ಕಾ ರಸೀದಿ ಬರೆಯಲು ಕಲಿತವು, ಅಂದರೆ ಐಜಿಎಂನಿಂದ ಐಜಿಜಿಗೆ, ಐಜಿಎಗೆ ಬದಲಾದವು, ಎಷ್ಟಿವೆ ಎಂಬುದೇ ಮುಖ್ಯ ಲೆಕ್ಕ.

ಬ್ರೂಟನ್ ಕಾಯಿಲೆಯಲ್ಲಿ ಬಿ ಕೋಶಗಳು ಲಿಂಫೋಸೈಟುಗಳ ನೂರರಲ್ಲಿ ಎರಡೂ ಇರುವುದಿಲ್ಲ. ಹುದ್ದೆಯೇ ಖಾಲಿ. ಎರಡನೆಯ ಗುಂಪಿನ ಮಕ್ಕಳಲ್ಲಿ ಬಿ ಕೋಶಗಳ ಸಂಖ್ಯೆ ಸರಿಯಾಗಿರುತ್ತದೆ, ಲಸಿಕೆ ಕೊಟ್ಟರೆ ಅದಕ್ಕೆ ಪ್ರತಿಕಾಯವನ್ನೂ ಬಹುಮಟ್ಟಿಗೆ ಮಾಡುತ್ತವೆ, ಆದರೆ ಒಟ್ಟು ಐಜಿಜಿ ಏರುವುದು ನಿಧಾನ. ಇವರು ಹೊಸ ಗುಮಾಸ್ತರು, ಕಾಲ ಕೊಟ್ಟರೆ ಕಲಿಯುತ್ತಾರೆ. ಹೆಚ್ಚಿನ ಮಕ್ಕಳು ಎರಡರಿಂದ ನಾಲ್ಕು ವರ್ಷದೊಳಗೆ, ಕೆಲವರು ಇನ್ನೂ ತಡವಾಗಿ ಸರಿಹೋಗುತ್ತಾರೆ. ಮೂರನೆಯ ಗುಂಪಿನಲ್ಲಿ ಬಿ ಕೋಶಗಳು ಸಾಮಾನ್ಯವಾಗಿ ಇರುತ್ತವೆ, ಆದರೆ ಬದಲಾದ ನೆನಪಿನ ಕೋಶಗಳು ಹಲವರಲ್ಲಿ ತೀರಾ ಕಡಿಮೆ. ಕಾರ್ಡುಗಳಿಲ್ಲದ ಶಾಖೆ. ಅದು ದೀರ್ಘಕಾಲದ ಕಾಯಿಲೆ, ಆದರೆ ನಾಲ್ಕು ವರ್ಷ ತುಂಬುವ ಮೊದಲು ಮಗುವಿಗೆ ಆ ಹೆಸರು ಅಂಟಿಸುವುದಿಲ್ಲ. ಪ್ರತಿಕಾಯ ಕಡಿಮೆಯಿದ್ದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಸರಿಹೋಗದೆ ಉಳಿದವರಲ್ಲಿ ಈ ಬದಲಾದ ನೆನಪಿನ ಕೋಶಗಳು ಕಡಿಮೆ ಇರುವುದನ್ನು ಸಂಶೋಧಕರು ಕಂಡಿದ್ದಾರೆ. ಎಳೆಯ ಮಕ್ಕಳಲ್ಲಿ ಇವು ಸಹಜವಾಗಿಯೇ ಕಡಿಮೆ, ಲೋಕವನ್ನು ಅವರು ಎದುರಿಸಿರುವುದೇ ಅಷ್ಟು. ಆದ್ದರಿಂದ ಎರಡು ವರ್ಷದ ಮಗುವನ್ನು ಎರಡು ವರ್ಷದ ಮಕ್ಕಳ ಜತೆಗೇ ಹೋಲಿಸಬೇಕು, ಎಪ್ಪತ್ತು ದಾಟಿದ ತಾತನ ಜತೆ ಅಲ್ಲ.

ಒಂಬತ್ತನೇ ದಿನ ರಿಪೋರ್ಟು ಬಂತು. ಪುಟ್ಟನ ಲಿಂಫೋಸೈಟುಗಳಲ್ಲಿ ನೂರಕ್ಕೆ 19 ಬಿ ಕೋಶಗಳು. ಗುಮಾಸ್ತರಿದ್ದರು! ಟಿ ಕೋಶಗಳೂ ಸರಿ. ಧನುರ್ವಾಯುವಿನ ಲಸಿಕೆಗೆ ಪ್ರತಿಕಾಯ ಚೆನ್ನಾಗಿ ಹುಟ್ಟಿತ್ತು. ಬದಲಾದ ನೆನಪಿನ ಕೋಶಗಳು ಮಾತ್ರ ಅವನ ವಯಸ್ಸಿನ ಕೆಳಗಿನ ಅಂಚಿನಲ್ಲಿದ್ದವು. ನಾನು ‘‘ಹಾಗಾದ್ರೆ ಗುಣವಾಗುತ್ತಾ ಡಾಕ್ಟರಮ್ಮ?’’ ಎಂದು ಕೇಳಿದೆ. ‘‘ಆಗುವ ಸಂಭವ ಹೆಚ್ಚು. ಆದರೆ ಆದ ಮೇಲಷ್ಟೇ ಖಚಿತವಾಗಿ ಹೇಳಬಹುದು ಸಾರ್’’ ಎಂದರು. ವರ್ಷ ಮುಗಿದ ಮೇಲೆ ಬರುವ ಆಡಿಟ್ ರಿಪೋರ್ಟಿನ ಹಾಗೆ, ಈ ಕಾಯಿಲೆ ತಾತ್ಕಾಲಿಕ ಎಂದು ಗೊತ್ತಾಗುವುದು ಅದು ಹೋದ ಮೇಲೆಯೇ.

ಮುಂದಿನ ಮೂರು ವರ್ಷ ಕಾಯುವುದೇ ಕೆಲಸ. ಜ್ವರ ಬಂದರೆ ತಡ ಮಾಡದೆ ತೋರಿಸುವುದು, ಡಾಕ್ಟರು ಹೇಳಿದ ಲಸಿಕೆಗಳನ್ನು ತಪ್ಪಿಸದಿರುವುದು, ಚಳಿಗಾಲದಲ್ಲಿ ಅವರು ಬರೆದುಕೊಟ್ಟ ಸಣ್ಣ ಪ್ರಮಾಣದ ಆಂಟಿಬಯಾಟಿಕ್, ಆರು ತಿಂಗಳಿಗೊಮ್ಮೆ ಐಜಿಜಿ. ನನ್ನಾಕೆಯ ಕಷಾಯದ ಬಗ್ಗೆ ಡಾಕ್ಟರಮ್ಮ, ‘‘ಗಂಟಲಿಗೆ ಹಿತ, ಕೊಡಿ ಅಮ್ಮ. ಆದರೆ ಐಜಿಜಿ ಅದರಿಂದ ಏರಲ್ಲ’’ ಎಂದರು. ಅಂಗಡಿಯಲ್ಲಿ ‘ಇಮ್ಯುನಿಟಿ’ ಎಂದು ಬರೆದು ಮಾರುವ ಪುಡಿಗಳಿಗೂ ಇದೇ ಮಾತು.

ಆ ಭೇಟಿಗಳಲ್ಲೇ ನನಗೆ ಹತ್ತು ವರ್ಷದ ಒಬ್ಬ ಗೆಳೆಯ ಸಿಕ್ಕಿದ. ಬ್ರೂಟನ್ ಕಾಯಿಲೆಯ ಹುಡುಗ. ನಾಲ್ಕು ವಾರಕ್ಕೊಮ್ಮೆ ಬಂದು, ಕೈಗೆ ಡ್ರಿಪ್ ಹಾಕಿಸಿಕೊಂಡು, ಇನ್ನೊಂದು ಕೈಯಲ್ಲಿ ಹೋಂವರ್ಕ್ ಬರೆಯುತ್ತಿದ್ದ. ‘‘ತಾತ, ಇವತ್ತು ನನ್ನ ಪೆಟ್ರೋಲ್ ದಿನ’’ ಎಂದು ನಗುತ್ತಿದ್ದ. ಆ ಬಾಟಲಿಯಲ್ಲಿರುವುದು ಸಾವಿರಾರು ಜನರು ಕೊಟ್ಟ ರಕ್ತದ ಪ್ಲಾಸ್ಮಾದಿಂದ ಬೇರ್ಪಡಿಸಿ, ಶುದ್ಧಗೊಳಿಸಿದ ಐಜಿಜಿ. ಅಂದರೆ ಅವನು ಹೆಸರು ಗೊತ್ತಿಲ್ಲದ ಸಾವಿರಾರು ಜನರ ರೋಗನಿರೋಧಕ ಶಕ್ತಿಯನ್ನು ಸಾಲ ಪಡೆದು ಶಾಲೆಗೆ ಹೋಗುತ್ತಾನೆ, ಕ್ರಿಕೆಟ್ ಆಡುತ್ತಾನೆ. ಅದೂ ಮೂರು ವಾರಕ್ಕೆ ಅರ್ಧವಾಗುವ ಠೇವಣಿಯೇ ಆದ್ದರಿಂದ ಮತ್ತೆ ಮತ್ತೆ ತುಂಬಿಸಬೇಕು. ಅದು ದುಬಾರಿ. ಅವನ ತಂದೆ ಪ್ರತಿ ತಿಂಗಳೂ ಆ ಹಣ ಹೊಂದಿಸುವ ಬಗೆ ಕೇಳಿದಾಗ ನನ್ನ ಹತ್ತಿರ ಮಾತಿರಲಿಲ್ಲ. ನಮ್ಮ ಬೀಗಿತ್ತಿ ಒಮ್ಮೆ ಜತೆಗೆ ಬಂದವರು ಆ ಹುಡುಗನನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದರು. ಹೊರಡುವಾಗ ಅವನ ತಲೆ ಸವರಿ, ಕೈಗೆ ಒಂದು ಚಿಕ್ಕಿ ಪ್ಯಾಕೆಟ್ ಕೊಟ್ಟರು. ಅವರ ತಮ್ಮನಿಗೆ ಏನಾಗಿತ್ತೋ ಇನ್ನು ತಿಳಿಯುವ ಹಾಗಿಲ್ಲ.

ಪುಟ್ಟನ ಲೆಕ್ಕ ಹೀಗಿದೆ: ಒಂದೂವರೆ ವರ್ಷಕ್ಕೆ 260. ಎರಡಕ್ಕೆ 310. ಎರಡೂವರೆಗೆ 380. ಮೂರೂವರೆಗೆ 510. ಕಳೆದ ತಿಂಗಳು, ನಾಲ್ಕೂವರೆಗೆ, 640. ನೆನಪಿನ ಕೋಶಗಳೂ ಅವನ ವಯಸ್ಸಿನ ಮಕ್ಕಳ ಸಾಲಿಗೆ ಬಂದಿವೆ. ಡಾಕ್ಟರಮ್ಮ ಫೈಲಿನ ಮೇಲೆ ‘ತಾತ್ಕಾಲಿಕ’ ಎಂಬ ಪದವನ್ನು ಈಗ ಬರೆದರು. ಸೊಸೆ ಅದನ್ನು ಓದಿ, ನನ್ನ ಕಡೆ ತಿರುಗಿ, ‘‘ಮಾವ, ಬರೆದುಕೊಳ್ಳಿ’’ ಎಂದಳು.

ತಾತ ಅಜ್ಜಿಯರಿಗೆ ಈಗ ಎರಡು ಮಾತು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಸಹಜ, ಅದಕ್ಕೆ ಹೆದರಬೇಡಿ. ಆದರೆ ಒಂದೇ ವರ್ಷದಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಲ ಕಿವಿಯ ಸೋಂಕು, ಎರಡು ಸಲ ನ್ಯುಮೋನಿಯಾ, ಎರಡು ತಿಂಗಳು ಆಂಟಿಬಯಾಟಿಕ್ ಕೊಟ್ಟರೂ ಹಿಡಿಯದ ಕಾಯಿಲೆ, ತೂಕ ಏರದಿರುವುದು, ಮನೆತನದಲ್ಲಿ ಇಂಥದ್ದೇ ಕಾಯಿಲೆ, ಇಂಥವು ಕಂಡರೆ ಪ್ರತಿಕಾಯ ನೋಡಬೇಕೇ ಎಂದು ಡಾಕ್ಟರನ್ನು ಕೇಳಿ. ಅಂಕಿ ಕಡಿಮೆ ಬಂದರೆ ಅಲ್ಲಿಗೇ ಎದೆಗುಂದಬೇಡಿ. ಬಿ ಕೋಶಗಳು ಎಷ್ಟಿವೆ, ಲಸಿಕೆಗೆ ಪ್ರತಿಕಾಯ ಹುಟ್ಟಿದೆಯೇ, ನೆನಪಿನ ಕೋಶಗಳು ಹೇಗಿವೆ ಎಂದು ಕೇಳಿ. ದೊಡ್ಡ ಪ್ರಶ್ನೆಯಾಯಿತೆಂದು ಸಂಕೋಚ ಬೇಡ, ಬಿ.ಕಾಂ. ಓದಿದವನೇ ಕೇಳಿದ್ದಾನೆ.

ಮಕ್ಕಳೇ, ನಿಮ್ಮ ತರಗತಿಯಲ್ಲೂ ಆಗಾಗ ರಜೆ ಹಾಕುವ ಗೆಳೆಯನೋ ಗೆಳತಿಯೋ ಇರಬಹುದು. ಅವರಿಗೆ ನೋಟ್ಸ್ ಕೊಡಿ, ಅಣಕಿಸಬೇಡಿ. ನಿಮಗೆ ಜ್ವರ ಬಂದ ದಿನ ಹಾಜರಿಗಾಗಿ ಹಟ ಮಾಡಿ ಶಾಲೆಗೆ ಹೋಗಬೇಡಿ. ನಿಮಗೆ ಎರಡು ದಿನದ ನೆಗಡಿ ಎನಿಸಿದ್ದು ಅವರಿಗೆ ಆಸ್ಪತ್ರೆಯ ಒಂದು ವಾರವಾಗಬಹುದು. ನೀವು ಲಸಿಕೆ ಹಾಕಿಸಿಕೊಂಡರೆ ಅವರಿಗೂ ಅಷ್ಟರಮಟ್ಟಿಗೆ ಕಾವಲು. 18 ತುಂಬಿದ ಮೇಲೆ ರಕ್ತ ಕೊಡುವುದನ್ನು ನೆನಪಿಡಿ.

ಈ ಮೂರು ವರ್ಷದಲ್ಲಿ ನಾನು ಮಾಡಿದ ಕೆಲಸ ಒಂದೇ. 40 ರೂಪಾಯಿಯ ಒಂದು ಉದ್ದ ನೋಟ್‌ಬುಕ್ ತಂದು, ಸ್ಕೇಲಿನಿಂದ ಗೆರೆ ಹಾಕಿ, ತಾರೀಕು, ಜ್ವರ, ಕಿವಿ, ಕೆಮ್ಮು, ಔಷಧ, ತೂಕ ಎಂದು ಕಾಲಂ ಮಾಡಿ ದಿನವೂ ಬರೆದೆ. ಪ್ರತಿ ಭೇಟಿಯಲ್ಲೂ ಡಾಕ್ಟರಮ್ಮ ಫೈಲಿಗಿಂತ ಮೊದಲು ಅದನ್ನೇ ಕೇಳುತ್ತಿದ್ದರು. ಮೊದಲ ವರ್ಷದ ಹಾಳೆಗಳಲ್ಲಿ ಕೆಂಪು ಶಾಯಿ ತುಂಬಿದೆ. ಎರಡನೇ ವರ್ಷ ತೆಳುವಾಗುತ್ತಾ ಬಂತು. ಕಳೆದ ಐದು ತಿಂಗಳಿಂದ ತೂಕದ ಕಾಲಂ ಬಿಟ್ಟರೆ ಉಳಿದೆಲ್ಲವೂ ಖಾಲಿ. ಮೊನ್ನೆ ಪುಟ್ಟ ಬಂದು, ‘‘ತಾತ, ಇಲ್ಲಿ ಯಾಕೆ ಏನೂ ಬರ್ದಿಲ್ಲ? ನಾನು ಬರೀಲಾ?’’ ಎಂದು ಪೆನ್ನು ಕಿತ್ತುಕೊಂಡು ಜ್ವರದ ಕಾಲಂನಲ್ಲಿ ಒಂದು ಆನೆ ಬರೆದ. ಇರಲಿ ಎಂದು ಬಿಟ್ಟಿದ್ದೇನೆ.